ಫ್ರಿಜ್ಜಿನ ಮೇಲಿನ ಬಾಟಲಿಗಳು

ನಂದಿ ಬೆಟ್ಟದ ಬುಡದಲ್ಲಿರುವ ಒಂದು ವೈನರಿಗೆ ನಾನು ವರ್ಷಗಟ್ಟಲೆ ಹೋಗಿ ಬಂದಿದ್ದೇನೆ. ಅದರ ಹೆಸರು ಇಲ್ಲಿ ಬೇಡ. ಎಷ್ಟು ಸಲ ಹೋಗಿದ್ದೀರಿ ಎಂದು ಯಾರಾದರೂ ಕೇಳಿದರೆ "ಲೆಕ್ಕ ಇಟ್ಟವರಾರು?" ಎಂದು ಕೈ ಬೀಸುವ ಗತ್ತು ನನಗಿತ್ತು. ಏನು ನೋಡಿದಿರಿ ಎಂದು ಕೇಳಿದ್ದರೆ ತಡವರಿಸುತ್ತಿದ್ದೆ. ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಹೋಗುತ್ತಿದ್ದುದು ಡಿಸೆಂಬರ್ ಕೊನೆಯ ವಾರ, ತಪ್ಪಿದರೆ ಜನವರಿಯ ಮೊದಲ ಶನಿವಾರ. ಊರಿನಿಂದಲೋ ಹೊರದೇಶದಿಂದಲೋ ರಜೆಗೆ ಬಂದ ಗೆಳೆಯರನ್ನು ಟೆಂಪೋ ಟ್ರಾವೆಲರ್‌ಗೆ ತುಂಬಿಕೊಂಡು ನಸುಕಿನಲ್ಲೇ ನಂದಿ ಬೆಟ್ಟ ಹತ್ತುವುದು, ಮಂಜಿನೊಳಗೆ ಸೂರ್ಯ ಕಂಡ ಎಂದು ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಳ್ಳುವುದು, ಕೆಳಗಿಳಿದು ಇಡ್ಲಿ ತಿಂದು ಹನ್ನೊಂದರ ಹೊತ್ತಿಗೆ ವೈನರಿಯ ಗೇಟಿನ ಮುಂದೆ ನಿಲ್ಲುವುದು. ಒಳಗೆ ಮಾವಿನ ಮರದ ಕೆಳಗೆ ಒಂದು ಉದ್ದನೆಯ ಮೇಜಿದೆ. ಅದು 'ನಮ್ಮ ಮೇಜು'. ಗೈಡ್ ಹುಡುಗ ತೋಟ, ಟ್ಯಾಂಕು, ಪೀಪಾಯಿ ತೋರಿಸಲು ಬಂದವರನ್ನು ಕರೆದೊಯ್ಯುವಾಗ "ನೀವೆಲ್ಲ ಸುತ್ತಿ ಬನ್ನಿ, ನನಗೆ ಹೊಸದೇನಿಲ್ಲ" ಎಂದು ನಾನು ಆ ಮೇಜಿನ ತುದಿಯಲ್ಲಿ ಕಾಲು ಚಾಚಿ ಕೂರುತ್ತಿದ್ದೆ. ಅವರು ಮರಳುವ ಹೊತ್ತಿಗೆ ನಾನು ಮೊದಲ ಗ್ಲಾಸು ಮುಗಿಸಿರುತ್ತಿದ್ದೆ, ಅದೇ ಕೆಂಪು ವೈನ್. ರುಚಿ ನೋಡಲು ಸಾಲಾಗಿ ಇಡುತ್ತಿದ್ದ ಬಿಳಿಯವನ್ನೂ ರೋಸೆಯನ್ನೂ ಪಕ್ಕದವರಿಗೆ ದಾಟಿಸಿಬಿಡುತ್ತಿದ್ದೆ. ಹೊರಡುವಾಗ ಅದೇ ಕೆಂಪಿನ ಎರಡೋ ಮೂರೋ ಬಾಟಲಿ ಕೊಂಡರೆ ಯಾತ್ರೆ ಮುಗಿಯಿತು.

ಈ ಗತ್ತಿಗೆ ಒಂದು ಮೂಲವಿತ್ತು. ನಾನು ವಿಜಯಪುರ ಜಿಲ್ಲೆಯವನು, ದ್ರಾಕ್ಷಿ ಬೆಳೆಯುವ ಮನೆಯಲ್ಲಿ ಬೆಳೆದವನು. ಅಪ್ಪನದು ಥಾಮ್ಸನ್ ಸೀಡ್‌ಲೆಸ್ ತೋಟ. ಚೆನ್ನಾಗಿ ಬಂದ ಗೊಂಚಲು ಮಾರುಕಟ್ಟೆಗೆ ಹೋಗುತ್ತಿತ್ತು. ಉಳಿದದ್ದನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುತ್ತಿದ್ದೆವು. ಬಳ್ಳಿ ಕತ್ತರಿಸುವ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ, ಬೂದಿ ರೋಗ, ಚಿಬ್ಬು ರೋಗ ಎಲ್ಲ ಹುಟ್ಟಿನಿಂದ ಕಿವಿಗೆ ಬಿದ್ದ ಮಾತು. ಬೆಂಗಳೂರಿಗೆ ಬಂದು ಕುರ್ಚಿ ಮೇಲಿನ ಕೆಲಸ ಹಿಡಿದು ದಶಕಗಳಾದರೂ ದ್ರಾಕ್ಷಿಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ ಎಂಬ ಭಾವ ಮಾತ್ರ ಗಟ್ಟಿಯಾಗಿ ಉಳಿದಿತ್ತು.

ಅದನ್ನು ಮೊದಮೊದಲಿನ ಒಂದು ಭೇಟಿಯಲ್ಲೇ ಎಲ್ಲರೆದುರು ಮೆರೆದದ್ದೂ ಆಗಿತ್ತು. ಆ ಸಲ ತೋಟ ಸುತ್ತಲು ನಾನೂ ಹೋಗಿದ್ದೆ. ಗೈಡ್ ಹುಡುಗ ಕ್ಯಾಬರ್ನೆ ಸಾಲಿನ ಮುಂದೆ ನಿಂತು ಏನೋ ವಿವರಿಸುತ್ತಿದ್ದ. ಗೊಂಚಲು ನೋಡಿದರೆ ನನ್ನ ಅಂಗೈಗಿಂತ ಚಿಕ್ಕವು, ಕಾಳುಗಳಂತೂ ಹುಡುಕಬೇಕು. ನಾನು ನಡುವೆ ಬಾಯಿ ಹಾಕಿ, ಗೊಬ್ಬರ ಸಾಲದು, ನೀರು ಸಾಲದು, ಕಾಳು ದಪ್ಪ ಮಾಡುವ ಜಿಎ ಹೊಡೆದಿಲ್ಲ, ಬಳ್ಳಿ ಸೊರಗಿದೆ, ನಮ್ಮ ಕಡೆ ಇಂಥ ಗೊಂಚಲನ್ನು ದನಕ್ಕೆ ಹಾಕುತ್ತಾರೆ ಎಂದೆ. ಜೊತೆಯವರು ನಕ್ಕರು. ಹುಡುಗನೂ ನಕ್ಕು ಸುಮ್ಮನಾದ. ಅವನ ಕೆಲಸದಲ್ಲಿ ವಾದಕ್ಕೆ ಜಾಗವಿಲ್ಲ.

ಅವನು ವಾದ ಮಾಡಿದ್ದರೆ ನನಗೆ ಅಂದೇ ತಿಳಿಯುತ್ತಿತ್ತು. ತಿನ್ನುವ ದ್ರಾಕ್ಷಿಗೆ ಬೇಕಾದದ್ದು ತೆಳು ಸಿಪ್ಪೆ, ತುಂಬು ರಸ, ಬೀಜವಿಲ್ಲದ ಉದ್ದ ಕಾಳು. ಕೆಂಪು ವೈನ್‌ನ ಬಣ್ಣ ಇರುವುದು ಸಿಪ್ಪೆಯಲ್ಲಿ, ಒಗರು ಇರುವುದು ಸಿಪ್ಪೆಯಲ್ಲಿ ಮತ್ತು ಬೀಜದಲ್ಲಿ. ಒಳಗಿನ ರಸಕ್ಕೆ ಬಣ್ಣವೇ ಇಲ್ಲವೆನ್ನಬೇಕು. ಕಾಳು ಚಿಕ್ಕದಾದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಹೆಚ್ಚು. ಅದಕ್ಕೇ ಇಲ್ಲಿ ಬೇಕೆಂದೇ ನೀರು ಹಿಡಿಯುತ್ತಾರೆ, ಬೇಕೆಂದೇ ಇಳುವರಿ ಕಡಿಮೆ ಮಾಡುತ್ತಾರೆ. ಅಪ್ಪ ಒಂದು ಎಕರೆಯಿಂದ ತೆಗೆಯುತ್ತಿದ್ದ ತೂಕವನ್ನು ಇಲ್ಲಿ ತೆಗೆದರೆ ವೈನ್ ನೀರಾಗುತ್ತದೆ. ನಾನು ಸೊರಗು ಎಂದದ್ದು ಅವರ ಇಡೀ ವರ್ಷದ ದುಡಿಮೆಯ ಫಲ. ಇಷ್ಟು ತಿಳಿಯಲು ನನಗೆ ಎಷ್ಟೋ ವರ್ಷ ಹಿಡಿಯಿತು, ಏಕೆಂದರೆ ಆ ದಿನದ ನಂತರ ನಾನು ತೋಟಕ್ಕೆ ಇಳಿಯುವುದನ್ನೇ ಬಿಟ್ಟೆ. ಗೊತ್ತಿದ್ದವನು ಮತ್ತೆ ನೋಡುವುದೇನು?

ನೋಡುವ ಬದಲು ಹೇಳುತ್ತಿದ್ದೆ. ಮೇಜಿನ ತುದಿಯಲ್ಲಿ ಕುಳಿತು ಈ ಪ್ರದೇಶದ ಚರಿತ್ರೆಯನ್ನು ಗೈಡ್‌ಗಿಂತ ಚೆನ್ನಾಗಿ ಹೇಳುತ್ತಿದ್ದೆ. 1988ರಲ್ಲಿ ಕನ್ವಲ್ ಗ್ರೋವರ್ ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಗಳ ತೋಟ ಎಬ್ಬಿಸಿದ್ದು, ಷಾಂಪೇನ್ ನಾಡಿನ ಜಾರ್ಜ್ ವೆಸ್ಸೆಲ್ ಅವರ ಜೊತೆಗೂಡಿದ್ದು, ಮುಂದೆ ಬೋರ್ಡೊದ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದದ್ದು, 2012ರಲ್ಲಿ ಗ್ರೋವರ್ ಕಂಪನಿ ನಾಸಿಕ ಕಡೆಯ ಇನ್ನೊಂದರ ಜೊತೆ ಸೇರಿ ಗ್ರೋವರ್ ಜಂಪಾ ಆದದ್ದು, ನಡುವೆ 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು ನಂದಿ ಕಣಿವೆ, ಕೃಷ್ಣಾ ಕಣಿವೆ ಎಂದು ವಲಯ ಗುರುತಿಸಿದ್ದು. ಕೃಷ್ಣಾ ಕಣಿವೆ ಎನ್ನುವಾಗ ಎದೆ ಮುಟ್ಟಿಕೊಂಡು ತೋರಿಸುತ್ತಿದ್ದೆ, ನಮ್ಮದು ಎಂದು. ಎಲ್ಲ ನಿಜವಾದ ಸಂಗತಿಗಳೇ. ಇವೆಲ್ಲವನ್ನೂ ಬೆಂಗಳೂರಿನ ಮನೆಯಲ್ಲಿ ಕುಳಿತೇ ಹೇಳಬಹುದಿತ್ತು, ಪೆಟ್ರೋಲ್ ಉಳಿಯುತ್ತಿತ್ತು.

ಒಂದೇ ಒಂದು ಸಲ ಲೆಕ್ಕ ತಪ್ಪಿ ಅಕ್ಟೋಬರ್ 2ರಂದು ಜನರನ್ನು ಕಟ್ಟಿಕೊಂಡು ಹೋದೆ. ಗಾಂಧಿ ಜಯಂತಿ. ರುಚಿಯೂ ಇಲ್ಲ, ಮಾರಾಟವೂ ಇಲ್ಲ. ತೋಟದಲ್ಲಿ ಮಾತ್ರ ಹೆಂಗಸರ ಸಾಲು ಕತ್ತರಿ ಹಿಡಿದು ಫಲದ ಚಾಟ್ನಿ ಮಾಡುತ್ತಿತ್ತು, ಒಬ್ಬಾತ ಹಿಂದಿನಿಂದ ಬಳ್ಳಿಯ ಕಣ್ಣುಗಳಿಗೆ ಪೇಸ್ಟ್ ಹಚ್ಚುತ್ತಿದ್ದ. ಇಡೀ ವರ್ಷದ ಫಸಲು ತೀರ್ಮಾನವಾಗುವ ವಾರ ಅದು. "ಇವತ್ತು ಇಲ್ಲಿ ಏನೂ ಇಲ್ಲ" ಎಂದು ನಾನು ಗಾಡಿ ತಿರುಗಿಸಿದೆ.

ಇನ್ನು ಬಾಟಲಿಗಳ ಸಂಗತಿ. ವೈನ್ ಹಳೆಯದಾದಷ್ಟೂ ರುಚಿ ಎಂಬ ಮಾತನ್ನು ನಂಬಿದ ಕೋಟ್ಯಂತರ ಜನರಲ್ಲಿ ನಾನೂ ಒಬ್ಬ. ಪ್ರತಿ ಸಲ ತಂದ ಬಾಟಲಿಗಳಲ್ಲಿ ಒಂದನ್ನು ಕುಡಿಯದೆ ಎತ್ತಿಡುತ್ತಿದ್ದೆ. ಎಲ್ಲಿ ಎಂದರೆ ಅಡುಗೆಮನೆಯ ಫ್ರಿಜ್ಜಿನ ಮೇಲೆ. ಎತ್ತರದ ಜಾಗ, ಮಕ್ಕಳ ಕೈಗೆ ಸಿಗುವುದಿಲ್ಲ, ಬಂದವರ ಕಣ್ಣಿಗೆ ಬೀಳುತ್ತದೆ. ಸಾಲಾಗಿ, ನೆಟ್ಟಗೆ, ಲೇಬಲ್ ಮುಂದಕ್ಕೆ ತಿರುಗಿಸಿ. ಕೊನೆಗೆ ಅಲ್ಲಿ ಒಂದು ಫಸಲಿನ ಪಕ್ಕ ಇನ್ನೊಂದು ಫಸಲು ನಿಂತು ಸಣ್ಣ ಪ್ರದರ್ಶನವೇ ಆಗಿತ್ತು. ಹೆಂಡತಿ ಎಣ್ಣೆ ಡಬ್ಬಿಗೆ ಜಾಗ ಕೇಳಿದಾಗಲೆಲ್ಲ ಇವು ಬೆಳೆಯುತ್ತಿವೆ, ಮುಟ್ಟಬೇಡ ಎನ್ನುತ್ತಿದ್ದೆ.

ಒಂದು ವರ್ಷ ನನಗೊಂದು ಯೋಜನೆ ಹೊಳೆಯಿತು. ಸಾಲಿನಲ್ಲಿ ಎಲ್ಲಕ್ಕಿಂತ ಹಳೆಯದು 2013ರ ಫಸಲಿನ ಕ್ಯಾಬರ್ನೆ-ಶಿರಾಜ್. ಅದನ್ನು ವೈನರಿಗೇ ವಾಪಸು ಒಯ್ಯುವುದು, ಹೊಸ ಫಸಲಿನ ಪಕ್ಕದಲ್ಲಿಟ್ಟು ಎಲ್ಲರೆದುರು ತೆರೆಯುವುದು. ಮೊದಲೇ ಫೋನು ಮಾಡಿ ಅನುಮತಿ ಕೇಳಿದೆ, ಒಪ್ಪಿದರು. ವೈನ್‌ಮೇಕರ್ ಅಂದು ಅಲ್ಲೇ ಇರುತ್ತಾರೆ, ಅವರೂ ಕೂತು ರುಚಿ ನೋಡುತ್ತಾರೆ ಎಂದರು. ಅಷ್ಟು ವರ್ಷ ಹೋಗಿಯೂ ಆ ತನಕ ನಾನು ವೈನ್‌ಮೇಕರ್ ಮುಖ ನೋಡಿರಲಿಲ್ಲ, ಹೆಣ್ಣುಮಗಳು ಎಂಬುದೂ ಗೊತ್ತಿರಲಿಲ್ಲ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಮಾವಿನ ಮರದ ಕೆಳಗೆ ಎಲ್ಲರೂ ಕುಳಿತರು. ನಾನು ಬಾಟಲಿಯ ಚರಿತ್ರೆ ಹೇಳಿ, ಅದನ್ನು ಎರಡೂ ಕೈಯಲ್ಲಿ ಆಕೆಯ ಮುಂದೆ ಇಟ್ಟೆ. ಆಕೆ ಮೊದಲು ಮುಟ್ಟಿದ್ದು ಬಾಟಲಿಯ ಕತ್ತು. ಕಾರ್ಕ್ ಒಂದೆರಡು ಕೂದಲೆಳೆಯಷ್ಟು ಮೇಲೆದ್ದಿತ್ತು. ಹೊದಿಕೆಯ ಅಂಚಿನಲ್ಲಿ ಅಂಟಂಟು ಗೆರೆ ಒಣಗಿ ನಿಂತಿತ್ತು. ನಾನು ಅದನ್ನು ವರ್ಷಗಟ್ಟಲೆ ನೋಡಿದ್ದೆ, ಒಮ್ಮೆ ಒರೆಸಿಯೂ ಇದ್ದೆ. ಆಕೆ ಏನೂ ಹೇಳದೆ ಕಾರ್ಕ್ ತೆಗೆದು ಎಲ್ಲರಿಗೂ ಒಂದೊಂದು ಬೆರಳು ಬಗ್ಗಿಸಿದಳು. ಗ್ಲಾಸಿನ ಅಂಚು ಕಂದು. ಮೂಗಿಗೆ ಸೀದ ಬೆಲ್ಲದ ಪಾಕದ ವಾಸನೆ. ಬಾಯಿಗೆ ಹಾಕಿದರೆ ಹುಳಿಯೊಂದು ಬೇರೆ, ಸಾರಾಯಿಯ ಉರಿಯೊಂದು ಬೇರೆ, ನಡುವೆ ಹಣ್ಣು ಎಂಬುದೇ ಇಲ್ಲ. ಗೆಳೆಯರು ನನ್ನ ಮುಖ ನೋಡಿದರು. "ವಯಸ್ಸಾದ ವೈನ್, ಹೀಗೇ ಇರುತ್ತದೆ" ಎಂದು ನಾನೇ ಮೊದಲು ಹೇಳಿದೆ.

"ಎಲ್ಲಿ ಇಟ್ಟಿದ್ರಿ ಸರ್?" ಎಂದಳು ಆಕೆ.

ಹೇಳಿದೆ. ಆಕೆ ನಗಲಿಲ್ಲ, ತಲೆಯಾಡಿಸಿ ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಇನ್ನೊಂದು ಬಾಟಲಿ, ಅದೇ ಲೇಬಲ್, ಅದೇ 2013. ಪ್ರತಿ ಫಸಲಿನಿಂದ ಒಂದಷ್ಟು ಬಾಟಲಿಗಳನ್ನು ಅವರು ತಮ್ಮದೇ ನೆಲಮಾಳಿಗೆಯಲ್ಲಿ, ಹದಿನಾಲ್ಕು ಹದಿನೈದು ಡಿಗ್ರಿಯಲ್ಲಿ, ಕತ್ತಲಲ್ಲಿ, ಮಲಗಿಸಿ ಇಟ್ಟಿರುತ್ತಾರೆ, ವೈನ್ ಹೇಗೆ ಬದಲಾಗುತ್ತಿದೆ ಎಂದು ಆಗಾಗ ತೆರೆದು ನೋಡಲು. ಎರಡನೆಯ ಗ್ಲಾಸು ನನ್ನ ಮುಂದೆ ಬಂತು. ಬಣ್ಣ ಇಟ್ಟಿಗೆಯ ಕಡೆಗೆ ಹೊರಳಿತ್ತು, ಆದರೆ ಹೊಳಪಿತ್ತು. ಒಣ ಅಂಜೂರ, ಸ್ವಲ್ಪ ಲವಂಗ, ಹಿಂದಿನಿಂದ ಮೆತ್ತಗಾದ ಒಗರು. ನಾನು ಹತ್ತಾರು ಜನರಿಗೆ ವರ್ಣಿಸಿದ್ದ, ಸ್ವತಃ ಒಮ್ಮೆಯೂ ಕುಡಿಯದಿದ್ದ ಹಳೆಯ ವೈನ್ ಅದು. ಎರಡು ಗ್ಲಾಸು ಒಂದರ ಪಕ್ಕ ಒಂದು ಇದ್ದವು. ಇದಕ್ಕಿಂತ ಸ್ಪಷ್ಟವಾಗಿ ಒಬ್ಬ ಮನುಷ್ಯನಿಗೆ ಏನನ್ನೂ ಹೇಳಲಾಗದು. ಒಬ್ಬ ಗೆಳೆಯನಂತೂ ಗ್ಲಾಸು ಮುಂದೆ ಚಾಚಿ "ಇವನ ಫ್ರಿಜ್ಜಿಂದು ಸಾಕು, ನಿಮ್ಮದೇ ಹಾಕಿ ಮೇಡಂ" ಎಂದ.

ಕಾರಣ ಆಕೆ ವಿವರಿಸಿದಳು. ಫ್ರಿಜ್ಜು ಒಳಗಿನ ಬಿಸಿಯನ್ನು ಹಿಂದಿನಿಂದ ಹೊರಗೆ ಬಿಡುತ್ತದೆ, ಅದು ಮೇಲೇರುತ್ತದೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಅಡುಗೆಮನೆಯ ಆ ಜಾಗ ಮನೆಯಲ್ಲೆಲ್ಲ ಹೆಚ್ಚು ಕಾಯುವ ಜಾಗ. ಬಿಸಿಗೆ ವೈನ್ ಹಿಗ್ಗಿ ಕಾರ್ಕನ್ನು ತಳ್ಳುತ್ತದೆ, ರಾತ್ರಿ ತಣಿದಾಗ ಕುಗ್ಗಿ ಗಾಳಿ ಎಳೆದುಕೊಳ್ಳುತ್ತದೆ. ಬಾಟಲಿ ನೆಟ್ಟಗೆ ನಿಂತರೆ ಕಾರ್ಕ್ ಒಣಗಿ ಸಡಿಲವಾಗುತ್ತದೆ. ಮೇಲೆ ಟ್ಯೂಬ್‌ಲೈಟ್ ಬೆಳಕು, ಕಂಪ್ರೆಸರ್ ನಡುಕ. ಇಷ್ಟಕ್ಕೂ ಈ ಬಾಟಲಿಗಳಲ್ಲಿ ಹೆಚ್ಚಿನವು ಹತ್ತು ವರ್ಷ ಕಾಯಲು ಮಾಡಿದವಲ್ಲ, ಎರಡು ಮೂರು ವರ್ಷದಲ್ಲಿ ಕುಡಿಯಲು ಮಾಡಿದವು. ಬಿಳಿಯವನ್ನಂತೂ ಕೊಂಡ ವರ್ಷವೇ ಮುಗಿಸಬೇಕು. ಇದೆಲ್ಲ ಹೇಳಿ ಕೊನೆಗೆ, "ನೀವು ಪ್ರತಿ ವರ್ಷ ಬರ್ತೀರಂತೆ, ಹುಡುಗ್ರು ಹೇಳ್ತಾರೆ. ಯಾವಾಗ್ಲೂ ಡಿಸೆಂಬರ್ ಯಾಕೆ? ಫೆಬ್ರವರಿಯಲ್ಲಿ ಬನ್ನಿ. ಬೆಳಿಗ್ಗೆ ಆರಕ್ಕೆ, ಒಬ್ರೇ" ಎಂದಳು.

ಆ ಫೆಬ್ರವರಿ ನಾನು ಹೋಗಲಿಲ್ಲ. ಮುನಿಸು. ಆಕೆಯ ಮೇಲೆ ಮುನಿಸಿಕೊಳ್ಳಲು ಏನೂ ಇರಲಿಲ್ಲ, ಆದರೂ ಮುನಿಸು. ಕರೆದು ಕೂರಿಸಿ ಎರಡು ಗ್ಲಾಸು ಕೊಟ್ಟು, ಬಾಗಿಲನ್ನೂ ತೆರೆದಿಟ್ಟವರಿಗೆ ನಾನು ಕೊಟ್ಟ ಉತ್ತರ ಅದು. ಬಾಟಲಿ ಕೆಟ್ಟದ್ದಕ್ಕಿಂತ ಇದನ್ನೇ ನಾನು ನಿಜವಾದ ಸೋಲು ಎಂದುಕೊಳ್ಳುವುದು; ಬಾಟಲಿಯ ವಿಷಯ ತಿಳಿಯದ್ದು, ಇದು ತಿಳಿದೂ ಮಾಡಿದ್ದು. ಒಂದು ಇಡೀ ಸುಗ್ಗಿ ಹೋಯಿತು. ಮನೆಯಲ್ಲಿ ಉಳಿದ ಬಾಟಲಿಗಳನ್ನು ಒಂದೊಂದಾಗಿ ತೆರೆದು ಸಿಂಕಿಗೆ ಸುರಿದೆ. ಎಣ್ಣೆ ಡಬ್ಬಿಗೆ ಜಾಗ ಆಯಿತು ಎಂದಷ್ಟೇ ಹೆಂಡತಿ ಹೇಳಿದ್ದು.

ಮರುವರ್ಷ ಹೋದೆ, ಫೆಬ್ರವರಿಯ ಒಂದು ಬುಧವಾರ, ಒಬ್ಬನೇ.

ಗೇಟಿನೊಳಗೆ ಕಾಲಿಟ್ಟಾಗ ಇನ್ನೂ ಕತ್ತಲು. ತೋಟದಲ್ಲಿ ಹಣೆಗೆ ದೀಪ ಕಟ್ಟಿಕೊಂಡ ಜನ. ಈ ನೆಲ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಗಲು ಬಿಸಿಲು ಎಷ್ಟು ಕಾಸಿದರೂ ರಾತ್ರಿ ತಣ್ಣಗಾಗುತ್ತದೆ, ಆ ತಂಪಿನಿಂದಲೇ ಹಣ್ಣಿನಲ್ಲಿ ಹುಳಿ ಉಳಿಯುವುದು. ಆ ತಂಪು ಆರುವುದರೊಳಗೆ ಗೊಂಚಲು ಕತ್ತರಿಸಿ ಒಳಗೆ ಸೇರಿಸಬೇಕು, ಬಿಸಿಲೇರಿದರೆ ಕ್ರೇಟಿನಲ್ಲೇ ಹುದುಗು ಶುರುವಾದೀತು. ಮೊದಲು ಬಿಳಿ ತಳಿಗಳು ಬರುತ್ತವೆ, ಸೋವಿನ್ಯೋಂ ಬ್ಲಾಂ, ಶೆನಿನ್ ಬ್ಲಾಂ, ಆಮೇಲೆ ಶಿರಾಜ್, ಕ್ಯಾಬರ್ನೆ ಎಲ್ಲಕ್ಕಿಂತ ಕೊನೆ. ನಾನು ಹೋದ ದಿನ ಶಿರಾಜ್ ಸರದಿ. ಕನ್ವೇಯರ್ ಬೆಲ್ಟಿನ ಎರಡೂ ಬದಿ ಹೆಂಗಸರು ನಿಂತು ಎಲೆ, ಕೊಳೆತ ಕಾಳು ಆರಿಸುತ್ತಿದ್ದರು. ಅಲ್ಲಿ ನಿಲ್ಲಲು ಜಾಗ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಬೆರಳು ನೇರಳೆಯಾಯಿತು, ಸೊಂಟ ಹಿಡಿಯಿತು, ಪಕ್ಕದಲ್ಲಿದ್ದಾಕೆ ನಾನು ಬಿಟ್ಟ ಎಲೆಗಳನ್ನು ತಾನೇ ತೆಗೆಯುತ್ತ ಹೋದಳು.

ಒಳಗೆ ಹುದುಗುವ ಟ್ಯಾಂಕುಗಳ ಸಾಲು. ಡಿಸೆಂಬರಿನಲ್ಲಿ ನಾನು ಇಣುಕಿದ್ದಾಗ ಇವು ಹೊಳೆಯುವ ಸ್ಟೀಲ್ ಸಿಲಿಂಡರುಗಳು, ಫೋಟೋಕ್ಕೆ ಹಿನ್ನೆಲೆ. ಈಗ ಬಾಗಿದರೆ ಮೂಗಿಗೆ ಹೊಡೆಯುವ ಗಾಳಿ. "ತಲೆ ಒಳಗೆ ಹಾಕಬೇಡಿ, ಬಿದ್ದುಬಿಡ್ತೀರಿ" ಎಂದು ಆಕೆ ತೋಳು ಹಿಡಿದು ಎಳೆದಳು. ಹುದುಗುವಾಗ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಸಿಪ್ಪೆಗಳನ್ನೆಲ್ಲ ಮೇಲಕ್ಕೆ ತಳ್ಳಿ ದಪ್ಪ ಟೋಪಿಯಂತೆ ಕೂರಿಸಿರುತ್ತದೆ; ಆ ಟೋಪಿಯನ್ನು ದಿನಕ್ಕೆ ಹಲವು ಸಲ ಒಳಗೆ ಅದುಮಬೇಕು, ಇಲ್ಲವೇ ಕೆಳಗಿನ ರಸವನ್ನು ಪಂಪಿನಿಂದ ಮೇಲೆ ಸುರಿಯಬೇಕು. ಆಗಲೇ ಬಣ್ಣ ಇಳಿಯುವುದು. ಟ್ಯಾಂಕಿನ ಬುಡದ ನಲ್ಲಿಯಿಂದ ಆಕೆ ಅರ್ಧ ಗ್ಲಾಸು ಹಿಡಿದು ಕೊಟ್ಟಳು. ಮಬ್ಬು ಬಣ್ಣ, ಅರ್ಧ ಸಿಹಿ, ಅರ್ಧ ಸೊರಸೊರ ಉರಿ. ಪಕ್ಕದ ಟ್ಯಾಂಕಿನದು ಎರಡು ದಿನ ಮುಂದಿತ್ತು, ಸಿಹಿ ಬಹುತೇಕ ಹೋಗಿತ್ತು. ಅದರ ಪಕ್ಕದ್ದು ಇನ್ನೂ ಮುಂದೆ. ಒಂದೇ ತೋಟದ ಒಂದೇ ತಳಿಯ ಮೂರು ವಯಸ್ಸುಗಳನ್ನು ನಿಂತಲ್ಲೇ ಕುಡಿದೆ. ಕುಡಿದೆ ಎಂದರೆ ಉಗಿದೆ. ಅಲ್ಲಿ ಎಲ್ಲರೂ ನೆಲದ ಮೋರಿಗೆ ನೇರ ಗುರಿಯಿಟ್ಟು ಉಗಿಯುತ್ತಾರೆ. ನಾನು ಮೊದಲ ಸಲ ಅಂಗಿಯ ಮೇಲೆ ಉಗಿದುಕೊಂಡೆ.

ಉಗಿಯುವುದನ್ನು ಕಲಿತದ್ದು ದೊಡ್ಡ ಸಂಗತಿ. ನಮ್ಮ ಜನಕ್ಕೆ ಕಾಸು ಕೊಟ್ಟದ್ದನ್ನು ಉಗಿಯಲು ಮನಸ್ಸು ಬರುವುದಿಲ್ಲ, ನನಗೂ ಬರುತ್ತಿರಲಿಲ್ಲ. ಆದರೆ ಮೂರನೆಯ ಗ್ಲಾಸಿನ ನಂತರ ನಾಲಿಗೆ ಹೇಳುವುದೆಲ್ಲ ಸುಳ್ಳು. ಅಷ್ಟು ವರ್ಷ ಐದನೆಯ ಗ್ಲಾಸಿನ ಉಲ್ಲಾಸದಲ್ಲಿ ಬಾಟಲಿ ಕೊಂಡವನು ನಾನು. ಈಗ ಕೊಳ್ಳುವುದನ್ನು ಎರಡನೆಯ ಗ್ಲಾಸಿಗೇ ತೀರ್ಮಾನಿಸುತ್ತೇನೆ, ಕಾಯಿ ಚಟ್ನಿ ಬೆಳ್ಳುಳ್ಳಿಯ ತಿಂಡಿಯನ್ನು ಆ ಬೆಳಿಗ್ಗೆ ದೂರ ಇಡುತ್ತೇನೆ. ಡ್ರೈವರ್ ಇಲ್ಲದೆ ಹೋಗುವುದಿಲ್ಲ. ಈ ಮಾತನ್ನು ವಿವರಿಸಬೇಕಾಗಿಲ್ಲ. ಕೊಂಡ ಬಾಟಲಿಯನ್ನು ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಊಟಕ್ಕೆ ಕೂರುವುದೂ ನಿಂತಿದೆ. ಒಂದೇ ವೈನ್‌ನ ಎರಡು ಬಾಟಲಿ ತರುತ್ತೇನೆ, ಒಂದನ್ನು ಆ ತಿಂಗಳೇ ತೆರೆದು ನಾಲ್ಕು ಸಾಲು ಬರೆದಿಡುತ್ತೇನೆ, ಇನ್ನೊಂದನ್ನು ಮುಂದಿನ ಭೇಟಿಯ ಹಿಂದಿನ ದಿನ. ಆಗ ವೈನರಿಯಲ್ಲಿ ಹೊಸ ಫಸಲು ನಾಲಿಗೆಗೆ ಬಿದ್ದಾಗ ಹೋಲಿಸಲು ನೆನಪಿನ ಮೊರೆ ಹೋಗಬೇಕಿಲ್ಲ. ನೆನಪು ಯಾವಾಗಲೂ ಹಳೆಯದನ್ನೇ ಹೊಗಳುತ್ತದೆ. ಕೆಂಪು ವೈನನ್ನು ಕೊಠಡಿಯ ಉಷ್ಣತೆಯಲ್ಲಿ ಕುಡಿಯಬೇಕು ಎಂಬ ಮಾತಿನ ಕೊಠಡಿ ಯುರೋಪಿನದು ಎಂಬುದೂ ತಡವಾಗಿ ತಿಳಿಯಿತು. ನಮ್ಮ ಮಾರ್ಚ್‌ನಲ್ಲಿ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ಹದಿನಾರು ಹದಿನೆಂಟು ಡಿಗ್ರಿಗೆ ತಂದರೆ ಅದೇ ವೈನ್ ಬೇರೆಯೇ ಆಗಿ ಮಾತಾಡುತ್ತದೆ. ಫ್ರಿಜ್ಜಿನ ಒಳಗೆ, ಮೇಲಲ್ಲ.

ಕೇಳುವ ಪ್ರಶ್ನೆಯೂ ಬದಲಾಯಿತು. ಮೊದಲು "ಈ ಸಲ ಯಾವುದು ಬೆಸ್ಟ್?" ಎನ್ನುತ್ತಿದ್ದೆ, ಮಾರಾಟದ ಹುಡುಗ ದುಬಾರಿಯದನ್ನು ತೋರಿಸುತ್ತಿದ್ದ. ಈಗ "ಈ ವರ್ಷ ಏನು ಕೆಟ್ಟಿತು?" ಎನ್ನುತ್ತೇನೆ. ಈ ಪ್ರಶ್ನೆಗೆ ಬರುವ ಉತ್ತರ ಉದ್ದ: ಚಾಟ್ನಿಯ ಹೊತ್ತಿಗೆ ಬಿದ್ದ ಅಕಾಲ ಮಳೆ, ಒಂದು ಮೂಲೆಯಲ್ಲಿ ಹತ್ತಿದ ಬೂದಿ ರೋಗ, ಹುದುಗು ನಡುವೆ ನಿಂತುಹೋದ ಟ್ಯಾಂಕು. ಒಳ್ಳೆಯದರ ಬಗ್ಗೆ ಎಲ್ಲ ವೈನರಿಗಳೂ ಒಂದೇ ಥರ ಮಾತಾಡುತ್ತವೆ, ಲೇಬಲ್ ಹಿಂದೆ ಅಚ್ಚಾದ ಮಾತು ಅದು.

ಹಾಗೆಯೇ, ಅಷ್ಟು ವರ್ಷ ಮೂಗು ಮುರಿದ ಬೆಂಗಳೂರು ಬ್ಲೂ ಕಡೆಗೂ ತಿರುಗಿದೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ರಸ್ತೆ ಬದಿಯಲ್ಲಿ ಬುಟ್ಟಿಯಲ್ಲಿ ಮಾರುವ ಕಪ್ಪು ದ್ರಾಕ್ಷಿ. ಭೌಗೋಳಿಕ ಗುರುತು ಪಡೆದ ನಮ್ಮ ನೆಲದ ಬೆಳೆ. ಅದರಿಂದ ಮಾಡುವ ಸಿಹಿ ವೈನ್‌ನಲ್ಲಿ ಒಂದು ಘಾಟು ಪರಿಮಳ ಇರುತ್ತದೆ, ಬಲ್ಲವರು ಎನಿಸಿಕೊಂಡವರು ಅದಕ್ಕೆ ಮುಖ ಸಿಂಡರಿಸುತ್ತಾರೆ. ನನಗೂ ಅದು ಬಹಳ ಇಷ್ಟವೆಂದು ಹೇಳಲಾರೆ. ಆದರೆ ಫ್ರೆಂಚ್ ಹೆಸರಿನ ಬಳ್ಳಿ ಬರುವುದಕ್ಕೆ ಬಹಳ ಮುಂಚೆಯೇ ಈ ಮಣ್ಣಿನಲ್ಲಿ ಬೇರು ಬಿಟ್ಟ ದ್ರಾಕ್ಷಿಯನ್ನು ರುಚಿಯೂ ನೋಡದೆ ಪಕ್ಕಕ್ಕೆ ದಾಟಿಸುವವನು ಈ ಕಣಿವೆ ನನಗೆ ಗೊತ್ತು ಎನ್ನಬಾರದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಫಲ ಕೊಟ್ಟ ಭೇಟಿ ಜೂನ್‌ನದು. ಪ್ರವಾಸಿಗರು ಯಾರೂ ಬರುವುದಿಲ್ಲ. ಏಪ್ರಿಲ್‌ನಲ್ಲಿ ಬೋಳು ಮಾಡಿದ ಬಳ್ಳಿಗಳು ಹೊಸ ಕಡ್ಡಿ ಎಬ್ಬಿಸಿರುತ್ತವೆ, ಹಣ್ಣಿನ ಸುಳಿವಿಲ್ಲ. ಯುರೋಪಿನ ಬಳ್ಳಿ ಚಳಿಗಾಲದಲ್ಲಿ ಮಲಗುತ್ತದೆ, ವರ್ಷಕ್ಕೊಂದು ಸಲ ಕತ್ತರಿ ಸಾಕು. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ, ಅದಕ್ಕೇ ಎರಡು ಸಲ: ಏಪ್ರಿಲ್‌ನದು ಕಡ್ಡಿಗೆ, ಅಕ್ಟೋಬರ್‌ನದು ಹಣ್ಣಿಗೆ. ತೋಟದ ಮೇಲ್ವಿಚಾರಕ ಒಂದು ಕಡ್ಡಿ ಮುರಿದು, ಕಣ್ಣನ್ನು ಬ್ಲೇಡಿನಿಂದ ಸೀಳಿ ತೋರಿಸಿದ. ಏಪ್ರಿಲ್ ಚಾಟ್ನಿಯಾದ ನಲವತ್ತರಿಂದ ಅರವತ್ತು ದಿನದೊಳಗೆ ಆ ಕಣ್ಣಿನೊಳಗೆ ಮುಂದಿನ ಫೆಬ್ರವರಿಯ ಗೊಂಚಲು ಇರಬೇಕೋ ಬೇಡವೋ ಎಂಬುದು ನಿಶ್ಚಯವಾಗುತ್ತದೆ. ಆಗ ಬಿಸಿಲು ಬೇಕು. ಮೋಡ ಕವಿದೇ ಇದ್ದರೆ ಗೊಂಚಲಾಗಬೇಕಾದದ್ದು ಬರೀ ಕುಡಿಯಾಗುತ್ತದೆ.

ಮೇ ಕೊನೆಯಲ್ಲಿ ಮೋಡ ಮುಸುಕಿದರೆ ಅಪ್ಪ ಕಟ್ಟೆಯ ಮೇಲೆ ಕುಳಿತು ಆಕಾಶಕ್ಕೆ ಬೈಯುತ್ತಿದ್ದುದು ಏಕೆಂದು ಆ ದಿನ ತಿಳಿಯಿತು. ಊರೆಲ್ಲ ಮಳೆಗೆ ಕಾಯುವಾಗ ಇವನೊಬ್ಬ ಮೋಡಕ್ಕೆ ಬೈಯುತ್ತಾನಲ್ಲ ಎಂದು ನಾವು ಮಕ್ಕಳು ನಗುತ್ತಿದ್ದೆವು. ಅವನು ವಿವರಿಸಿಯೇ ಇದ್ದಿರಬೇಕು. ನಾನು ಕೇಳಿಸಿಕೊಂಡಿರಲಿಲ್ಲ. ನನ್ನ ದ್ರಾಕ್ಷಿ ಜ್ಞಾನವೆಂಬುದು ಶಬ್ದಗಳ ಪರಿಚಯ ಮಾತ್ರವಾಗಿತ್ತು.

ಅಪ್ಪನ ನಂತರ ತೋಟ ನೋಡಿಕೊಂಡವನು ತಮ್ಮ. ಕಳೆದ ಸುಗ್ಗಿಗೆ ಅವನನ್ನು ಕರೆದುಕೊಂಡು ಹೋದೆ. ಅವನು ಕುಡಿಯುವುದಿಲ್ಲ, ವೈನರಿಯಲ್ಲಿ ತನಗೇನು ಕೆಲಸ ಎಂದು ದಾರಿಯುದ್ದಕ್ಕೂ ಗೊಣಗಿದ. ಗೊಂಚಲು ಚಿಕ್ಕದಿರುವುದು ಅವನ ಕಣ್ಣಿಗೂ ಮೊದಲು ಬಿತ್ತು. ಬಾಯಿ ಹಾಕಲಿಲ್ಲ, ಕುಳಿತು ಬುಡ ನೋಡಿದ, ಡ್ರಿಪ್ಪಿನ ಪೈಪು ಎತ್ತಿ ನೋಡಿದ, ಬೇರು ಯಾವುದೆಂದು ಕೇಳಿದ. ಡಾಗ್‌ರಿಜ್ ಎಂದರು. "ನಮ್ಮದೂ ಅದ" ಎಂದು ಮುಖ ಅರಳಿಸಿದ. ಆಮೇಲೆ ಕ್ಯಾಬರ್ನೆ ಕಾಳೊಂದನ್ನು ಬಾಯಿಗೆ ಹಾಕಿ, ರಸ ಉಗಿದು, ಬೀಜವನ್ನು ಹಲ್ಲಿನ ನಡುವೆ ಕಟುಕ್ಕೆನಿಸಿದ. ಅಂಗೈಗೆ ಉಗಿದು ಬಣ್ಣ ನೋಡಿದ. ಹಸಿರು ಇನ್ನೂ ಪೂರಾ ಕಂದಾಗಿರಲಿಲ್ಲ.

"ಇನ್ನ ಎಂಟ್ ದಿನ ಬಿಡ್ರಿ ಮೇಡಂ."

ಆಕೆ ಅವನನ್ನು ದಿಟ್ಟಿಸಿದಳು. ತಾನು ಆರು ದಿನ ಎಂದು ಬರೆದಿಟ್ಟಿರುವುದಾಗಿ ಹೇಳಿದಳು. ಸಿಹಿ ಅಳೆಯುವ ಯಂತ್ರದಲ್ಲಿ ಎಷ್ಟು ಬಂದಿದೆ, ಹುಳಿ ಎಷ್ಟಿದೆ, ಮಳೆ ಮುನ್ಸೂಚನೆ ಏನು ಎಂದು ಇಬ್ಬರೂ ಸಾಲಿನ ನಡುವೆ ನಡೆಯುತ್ತ ಹೋದರು. ನಾನು ಹಿಂದೆ ಹಿಂದೆ. ಮಾವಿನ ಮರದ ಕೆಳಗೆ ಕೂತಾಗ ಅವನು ನೀರು ಕುಡಿಯುತ್ತ, ನಾನು ಅಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದ ಪ್ರಶ್ನೆ ಕೇಳಿದ: ರೈತರಿಂದ ಕೊಳ್ಳುವ ಹಣ್ಣಿಗೆ ಕಿಲೋಗೆ ಏನು ಕೊಡುತ್ತೀರಿ, ದರ ಚಾಟ್ನಿಗೆ ಮೊದಲೇ ಬರೆದುಕೊಡುತ್ತೀರೋ, ಸುಗ್ಗಿಯಲ್ಲಿ ನಿಂತು ಮುರಿಯುತ್ತೀರೋ? ಇಳುವರಿ ಕಡಿಮೆ ಮಾಡು ಅಂತೀರಿ, ಕಡಿಮೆಯಾದದ್ದನ್ನು ದರದಲ್ಲಿ ತುಂಬಿ ಕೊಡುತ್ತೀರೋ? ಆಕೆ ಕುರ್ಚಿ ಹತ್ತಿರ ಎಳೆದುಕೊಂಡಳು, ಒಳಗಿನಿಂದ ಒಪ್ಪಂದದ ಕಾಗದ ತರಿಸಿದಳು. ಮೇಲ್ವಿಚಾರಕನೂ ಬಂದು ಸೇರಿದ. ಮಣೂಕದ ಹರಾಜಿನಲ್ಲಿ ದರ ಹೇಗೆ ಏಳುತ್ತದೆ, ಹೇಗೆ ಬೀಳುತ್ತದೆ ಎಂದು ತಮ್ಮ, ವೈನ್ ತಳಿ ಹಾಕಿದವನು ಕಂಪನಿ ಕೈಬಿಟ್ಟರೆ ಆ ಹುಳಿ ಹಣ್ಣನ್ನು ಯಾರಿಗೆ ಮಾರಬೇಕು ಎಂದು ಮೇಲ್ವಿಚಾರಕ. ಆ ಚರ್ಚೆಯಲ್ಲಿ ನನಗೆ ಹೇಳಲು ಏನೂ ಇರಲಿಲ್ಲ. ನನ್ನ ಮುಂದಿನ ಶೆನಿನ್ ಬ್ಲಾಂ ಬಿಸಿಯಾಗುತ್ತಿತ್ತು. ಯಾರೂ ಗಮನಿಸದಂತೆ ಅದನ್ನು ಐಸ್ ಬಕೆಟ್ಟಿನ ಕಡೆ ಸರಿಸಿದೆ, ತಮ್ಮ ಅಷ್ಟರಲ್ಲಿ ಜೇಬಿನಿಂದ ಪೆನ್ನು ತೆಗೆದು ಪೇಪರ್ ನ್ಯಾಪ್ಕಿನ್ ಮೇಲೆ ಎಕರೆಯ ಖರ್ಚು ಬರೆಯಲು ಶುರುಮಾಡಿದ್ದ.